ಟೋರಿ ಫ್ರೇಮ್ ಅಲ್ಲ ಕಣ್ರೋ, ಬಾಗಿಲು

ಜಪಾನ್ ಸರಣಿ, ಭಾಗ 3 ⛩️

ಕ್ಯೋಟೋದ ಫುಶಿಮಿ ಇನಾರಿ ರೀಲ್ ಇಲ್ಲದ ಫೀಡ್ ಈಗ ಯಾರದ್ದೂ ಇಲ್ಲ. ಸಾಲು ಸಾಲು ಕೇಸರಿಗೆಂಪು ಕಮಾನು, ನಡುವೆ ಬಾಡಿಗೆ ಕಿಮೋನೋ, ಸ್ಲೋ ಮೋಷನ್‌ನಲ್ಲಿ ತಿರುಗೋ ತಲೆ. "ನಾವೂ ಹೋಗೋಣ" ಅಂತ ಟ್ಯಾಗ್ ಮಾಡ್ತಿದೀರಲ್ಲ, ಹೋಗಿ. ಅದಕ್ಕೂ ಮೊದಲು ನಿಮ್ಮ ಜೊತೆ ಒಂದು ಜಗಳ ಇದೆ.

ಟೋರಿ ಅಂದ್ರೆ ಶಿಂಟೋ ದೇಗುಲದ ಬಾಗಿಲು. ಅದರಾಚೆ ದೇವರ ಜಾಗ. ಅದಕ್ಕೇ ಅಲ್ಲಿನವರು ಒಳಗೆ ಹೋಗೋ ಮುಂಚೆ ತಲೆ ಬಾಗಿಸ್ತಾರೆ, ದಾರಿಯ ನಟ್ಟನಡುವೆ ನಡೆಯಲ್ಲ, ನಡುದಾರಿ ದೇವರದ್ದು. ನಾವು ಟ್ರೈಪಾಡ್ ಇಡೋದು ಸರಿಯಾಗಿ ಅಲ್ಲೇ! 2024ರಲ್ಲಿ ಪ್ರವಾಸಿಯೊಬ್ಬರು ಟೋರಿಗೆ ಜೋತುಬಿದ್ದು ಪುಲ್‌ಅಪ್ ಹೊಡೆದ ವಿಡಿಯೋ ನೋಡಿ ಬೈದವರೂ ನಾವೇ.

ಫುಶಿಮಿಯ ಆ ಕಂಬಗಳ ಹಿಂಬದಿ ಗಮನಿಸಿ. ಕಾಣಿಕೆಯಾಗಿ ಕೊಟ್ಟ ವ್ಯಾಪಾರಿಗಳ, ಕಂಪನಿಗಳ, ಮನೆಯವರ ಹೆಸರು, ದಿನಾಂಕ ಬರೆದಿರುತ್ತೆ. ಹತ್ತುವಾಗ ಕಾಣಲ್ಲ, ಇಳಿಯುವಾಗ ಕಾಣುತ್ತೆ. ನಿಮ್ಮ ಬ್ಯಾಕ್‌ಗ್ರೌಂಡ್ ಇನ್ಯಾರದ್ದೋ ಹರಕೆ.

"ಅಷ್ಟು ದುಡ್ಡು ಸುರಿದು ಹೋಗಿರ್ತೀವಲ್ಲ" ಅನ್ನೋರೇ, ಸುರಿದದ್ದು ವಿಮಾನಕ್ಕೆ. ಫುಶಿಮಿ ಇನಾರಿಗೆ ಟಿಕೆಟ್ಟೇ ಇಲ್ಲ, ಹಗಲು ರಾತ್ರಿ ತೆರೆದೇ ಇರುತ್ತೆ. ಆದ್ರೆ ಎಲ್ಲರೂ ಹೀಗೇ ತೆರೆದಿಡಬೇಕು ಅಂತೇನಿಲ್ಲ. ಅಗೌರವ ಸಾಕಾಗಿ 2025ರಲ್ಲಿ ತ್ಸುಶಿಮಾ ದ್ವೀಪದ ವತಾಝುಮಿ ದೇಗುಲ ಪ್ರವಾಸಿಗರಿಗೆ ಪ್ರವೇಶ ಇಲ್ಲ ಅಂದುಬಿಡ್ತು. ನಾಳೆ ಸುಮ್ಮನೆ ಕೈಮುಗಿಯೋಕೆ ಹೋದವರೂ ಹೊರಗೇ.

"ನಾನು ದೇವರನ್ನೇ ನಂಬಲ್ಲ." ನಂಬಬೇಡಿ, ಅಲ್ಲಿ ಯಾರೂ ಕೇಳಲ್ಲ. ಕೈ ತೊಳೆಯೋಕೆ ನಂಬಿಕೆ ಬೇಕಾ? ಸೌಟಿನಲ್ಲಿ ನೀರು ತಗೊಂಡು ಎಡಗೈ, ಆಮೇಲೆ ಬಲಗೈ ತೊಳೀರಿ. ಎಡ ಅಂಗೈಗೆ ನೀರು ಹಾಕ್ಕೊಂಡು ಬಾಯಿ ಮುಕ್ಕಳಿಸಿ. ಸೌಟಿಗೇ ಬಾಯಿ ಹಚ್ಚಬೇಡಿ. (ಎಂಜಲು ಅಂದ್ರೇನು ಅಂತ ನಮಗೆ ಹೇಳಿಕೊಡಬೇಕಾ!) ಪೆಟ್ಟಿಗೆಗೆ 5 ಯೆನ್ ನಾಣ್ಯ ಸಾಕು. 'ಗೋಎನ್' ಅನ್ನೋ ಅದರ ಹೆಸರಿಗೆ ನಂಟು ಅನ್ನೋ ಅರ್ಥವೂ ಇದೆ. ಎರಡು ಸಲ ಬಾಗಿ, ಎರಡು ಚಪ್ಪಾಳೆ, ಮನಸ್ಸಲ್ಲೇ ಹೇಳ್ಕೊಂಡು ಮತ್ತೊಮ್ಮೆ ಬಾಗೋದು. ಇಜುಮೋ ತೈಶಾದಲ್ಲಿ ಚಪ್ಪಾಳೆ ನಾಲ್ಕು.

ಇಷ್ಟ ಇಲ್ವಾ? ಪಕ್ಕಕ್ಕೆ ನಿಂತು ನೋಡಿ, ಅದೂ ಮರ್ಯಾದೆನೇ. ಕ್ಯಾಮೆರಾಗೆ ಮೂರು ಟೇಕ್ ಚಪ್ಪಾಳೆ ಮಾತ್ರ ಬೇಡ. ಹಿಂದೆ ಮಗಳ ಪರೀಕ್ಷೆಗೆ ಬೇಡ್ಕೊಳ್ಳೋಕೆ ಬಂದ ಅಮ್ಮ ಯಾರಾದ್ರೂ ಕಾಯ್ತಿರಬಹುದು.

ಒಮಿಕುಜಿ ಚೀಟಿ ಬಗ್ಗೆ ಕೇಳಿದ್ರಲ್ಲ, ಅದು ಭಾಗ 4ಕ್ಕೆ. ಜಗಳ ಆಡೋರು ಕಾಮೆಂಟಿಗೆ ಬನ್ನಿ.