ಕ್ಯಾಮೆರಾ ನಮ್ಮದು, ಚಿತ್ರಕ್ಕೇಕೆ ಚಾಲಗೇಣಿ?

ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ, ಇಲ್ಲವೇ ಗಲ್ಫಿನಲ್ಲಿರುವ ಮಗ ರಜೆಯಲ್ಲಿ ಊರಿಗೆ ಬಂದ ತಿಂಗಳು, ನಮ್ಮ ಮನೆಗಳಿಗೆ ಹೊಸ ಕ್ಯಾಮೆರಾವೊಂದು ಬರುವುದುಂಟು. ಕಾಲೇಜಿಗೆ ಹೋಗುವ ತಮ್ಮನೋ ತಂಗಿಯೋ ಅದನ್ನು ಹಿಡಿದು ಆಟದ ರಂಗಸ್ಥಳದ ಮುಂದೆ, ಕೋಲದ ಅಂಗಳದಲ್ಲಿ ಇರುಳಿಡೀ ನಿಲ್ಲುವುದನ್ನು ಕಾಣುತ್ತೇವೆ. ಸಂತೋಷದ ಸಂಗತಿಯೇ. ಆದರೆ ಎರಡನೆಯ ವಾರದಲ್ಲೇ ತಂದೆಯ ಮುಂದೆ ಇನ್ನೊಂದು ಬೇಡಿಕೆ ಬರುತ್ತದೆ. ಚಿತ್ರ ತಿದ್ದಲು ತಂತ್ರಾಂಶ ಬೇಕು, ಅದಕ್ಕೆ ತಿಂಗಳು ತಿಂಗಳು ಹಣ ಕಟ್ಟಬೇಕು! ಕ್ಯಾಮೆರಾಕ್ಕಾಗಿಯೇ ಸಾಲ ಮಾಡಿದ ಮನೆಗೆ ಇದು ಸಣ್ಣ ಮಾತಲ್ಲ. ಈ ಖರ್ಚು ಅನಿವಾರ್ಯವೇ ಎಂದು ವಿಚಾರ ಮಾಡುವುದು ಅಗತ್ಯವೆಂದು ನಮಗೆ ತೋರುತ್ತದೆ.

ಹಿರಿಯರಿಗಾಗಿ ಒಂದು ಮಾತು. ಕ್ಯಾಮೆರಾ ಚಿತ್ರವನ್ನು ಎರಡು ವಿಧವಾಗಿ ಕೂಡಿಡಬಲ್ಲುದು. ಜೆಪೆಗ್ ಎಂಬುದು ಸ್ಟುಡಿಯೋದವರು ತೊಳೆದು ಕೊಟ್ಟ ಫೋಟೋ ಇದ್ದಂತೆ. ರಾ ಎಂಬುದು ಹಿಂದಿನ ಕಾಲದ ನೆಗೆಟಿವ್ ಇದ್ದಂತೆ. ಜೆಪೆಗ್‌ನಲ್ಲಿ ಪ್ರತಿಯೊಂದು ಮೂಲವರ್ಣಕ್ಕೂ 256 ಮೆಟ್ಟಿಲುಗಳಿದ್ದರೆ, ರಾ ಕಡತದಲ್ಲಿ 12 ಬಿಟ್‌ನದಾದರೆ 4,096, 14 ಬಿಟ್‌ನದಾದರೆ 16,384 ಮೆಟ್ಟಿಲುಗಳು. ಸೂಟೆಯ ಬೆಳಕಿನಲ್ಲಿ ಹಿಡಿದ ಅಣಿಯ ಬಣ್ಣ, ಚೌಕಿಯ ಮಬ್ಬಿನಲ್ಲಿ ಕುಳಿತ ವೇಷಧಾರಿಯ ಮುಖ ಕತ್ತಲಿನಿಂದ ಮೇಲೆ ಬರಬೇಕಾದರೆ ಈ ನೆಗೆಟಿವೇ ಬೇಕು. ಆದುದರಿಂದ ಮಕ್ಕಳು ರಾ ಬೇಕೆನ್ನುವುದು ಹಟವಲ್ಲ. ಪ್ರಶ್ನೆ ಇರುವುದು ಅದನ್ನು ತೊಳೆಯುವ ಕೂಲಿಯಲ್ಲಿ.

ಎಲ್ಲರ ಬಾಯಲ್ಲಿರುವ ಹೆಸರು ಅಡೋಬಿಯವರ ಲೈಟ್‌ರೂಮ್. ಒಂದೇ ಸಲ ಹಣ ಕೊಟ್ಟು ಕೊಳ್ಳಬಹುದಾಗಿದ್ದ ಅದರ ಕೊನೆಯ ಆವೃತ್ತಿ 2015ರ ಲೈಟ್‌ರೂಮ್ 6. ಅದಕ್ಕೆ ಹೊಸ ಕ್ಯಾಮೆರಾಗಳನ್ನು ಸೇರಿಸುವ ಕೆಲಸ 2017ರ ಕೊನೆಗೆ ನಿಂತಿತು. ಈಗಿರುವುದು ಚಂದಾ ಪದ್ಧತಿ. ಚಂದಾ ನಿಂತರೆ ಚಿತ್ರಗಳೇನೂ ಮಾಯವಾಗುವುದಿಲ್ಲ. ಆದರೆ ತಿದ್ದುವ ಕೋಣೆಗೆ ಬೀಗ ಬೀಳುತ್ತದೆ. ಚಾಲಗೇಣಿಯ ಒಕ್ಕಲು ಎಂದರೇನೆಂಬುದನ್ನು ನಮ್ಮ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿ ಕೊನೆಗೊಂಡಿತು. ಭೂಮಿಯಲ್ಲಿ ಹೋದ ಗೇಣಿಯನ್ನು ಗಣಕಯಂತ್ರದ ಮೂಲಕ ಮನೆಯೊಳಗೆ ಕರೆತರುವ ಮೊದಲು ಎರಡು ಸಲ ಯೋಚಿಸಬೇಡವೇ?

ಮದುವೆ ಛಾಯಾಗ್ರಹಣವೇ ಹೊಟ್ಟೆಪಾಡಾಗಿರುವವರು, ಸಾವಿರಾರು ಚಿತ್ರಗಳನ್ನು ವಾರದೊಳಗೆ ಒಪ್ಪಿಸಬೇಕಾದವರು, ಒಗ್ಗಿದ ತಂತ್ರಾಂಶಕ್ಕೆ ಚಂದಾ ಕಟ್ಟುವುದನ್ನು ನಾವು ಆಕ್ಷೇಪಿಸುವುದಿಲ್ಲ. ಅದು ಅಂಗಡಿಯ ಬಾಡಿಗೆಯಂತೆ ವ್ಯಾಪಾರದ ಖರ್ಚು. ನಮ್ಮ ಮಾತು ಇನ್ನೂ ಕಾಸು ಸಂಪಾದಿಸದ ವಿದ್ಯಾರ್ಥಿಯ ಕುರಿತು.

ಆತನಿಗಿರುವ ಮೊದಲ ದಾರಿ ಕ್ಯಾಮೆರಾ ತಯಾರಕರದೇ ತಂತ್ರಾಂಶ. ಕ್ಯಾನನ್‌ನವರ ಡಿಜಿಟಲ್ ಫೋಟೋ ಪ್ರೊಫೆಷನಲ್, ನಿಕಾನ್‌ನವರು 2021ರಲ್ಲಿ ಹೊರತಂದ ಎನ್‌ಎಕ್ಸ್ ಸ್ಟುಡಿಯೋ, ಸೋನಿಯವರ ಇಮೇಜಿಂಗ್ ಎಡ್ಜ್, ಇವಕ್ಕೆ ಬೇರೆ ಬೆಲೆಯಿಲ್ಲ. ಕ್ಯಾಮೆರಾದ ಬೆಲೆಯಲ್ಲೇ ಅದನ್ನೂ ತೆತ್ತಿದ್ದೇವೆ ಎಂದರೂ ಸರಿಯೇ. ಹೊಸ ಮಾದರಿಯ ಕಡತ ಮೊದಲು ತೆರೆಯುವುದೂ ಸಾಮಾನ್ಯವಾಗಿ ಇವುಗಳಲ್ಲೇ.

ಎರಡನೆಯದು ಸ್ವತಂತ್ರ ತಂತ್ರಾಂಶಗಳ ದಾರಿ. 2009ರಲ್ಲಿ ಆರಂಭವಾದ ಡಾರ್ಕ್‌ಟೇಬಲ್, 2010ರಲ್ಲಿ ಸರ್ವರಿಗೂ ಮುಕ್ತವಾದ ರಾ ಥೆರಪಿ, ಎರಡೂ ಉಚಿತ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತವೆ. ಕಷ್ಟವನ್ನೂ ಹೇಳಿಬಿಡುತ್ತೇವೆ. ಡಾರ್ಕ್‌ಟೇಬಲ್ ಕಲಿಯಲು ತಾಳ್ಮೆ ಬೇಕು, ಹಳೆಯ ಗಣಕಯಂತ್ರದಲ್ಲಿ ಅದು ತೆವಳುತ್ತದೆ, 8 ಜಿಬಿ ರ್‍ಯಾಮ್ ಇದ್ದರೆ ಒಳಿತು. ಮಾರುಕಟ್ಟೆಗೆ ನಿನ್ನೆ ಬಂದ ಕ್ಯಾಮೆರಾ ಇವುಗಳ ಪಟ್ಟಿಗೆ ಸೇರಲು ಕೆಲವು ತಿಂಗಳು ಹಿಡಿಯಬಹುದು. ಕೊಳ್ಳುವ ಮೊದಲೇ ಪಟ್ಟಿ ನೋಡಿಕೊಳ್ಳುವುದು ಜಾಣತನ. ಹಳೆಯ ಲೈಟ್‌ರೂಮ್ ಪ್ರತಿಯನ್ನು ಹಣ ಕೊಟ್ಟು ಕೊಂಡಿಟ್ಟವರು ಅದನ್ನು ಎಸೆಯಬೇಕಾಗಿಯೂ ಇಲ್ಲ. ಅಡೋಬಿಯವರೇ ಉಚಿತವಾಗಿ ಕೊಡುವ ಡಿಎನ್‌ಜಿ ಪರಿವರ್ತಕ ಹೊಸ ಕಡತವನ್ನು ಹಳೆಯ ತಂತ್ರಾಂಶ ಓದಬಲ್ಲ ರೂಪಕ್ಕೆ ತರುತ್ತದೆ.

ಮೂರನೆಯ ದಾರಿಯೊಂದುಂಟು, ಅದನ್ನು ಹಿಡಿಯಬಾರದೆಂದೇ ಹೇಳುತ್ತೇವೆ. ಸ್ನೇಹಿತನ ಪೆನ್‌ಡ್ರೈವಿನಲ್ಲಿ ಬರುವ ಬೀಗ ಒಡೆದ ಪ್ರತಿ. ಅದು ಕಳವು ಎಂಬುದು ಒಂದು ಮಾತು. ಅದರ ಬೆನ್ನಿಗೆ ವೈರಸ್ ಬಂದು ಮನೆಯವರ ಅಷ್ಟೂ ಚಿತ್ರಗಳನ್ನು ನುಂಗಿಬಿಡಬಹುದು ಎಂಬುದು ಇನ್ನೊಂದು. ಅಜ್ಜಿಯ ಕೊನೆಯ ಚಿತ್ರವನ್ನು ಯಾವ ಅಂಗಡಿಯಲ್ಲಿ ಮತ್ತೆ ಕೊಳ್ಳೋಣ?

ಪುಕ್ಕಟೆ ಸಿಕ್ಕಿದ್ದು ಕಳಪೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕೇರಳದ ಶಾಲೆಗಳು ಐಟಿ ಅಟ್ ಸ್ಕೂಲ್ ಯೋಜನೆಯ ಕಾಲದಲ್ಲೇ ಸ್ವತಂತ್ರ ತಂತ್ರಾಂಶವನ್ನು ಒಪ್ಪಿಕೊಂಡವು. 2017ರಲ್ಲಿ ಆ ಯೋಜನೆ ಕೈಟ್ ಸಂಸ್ಥೆಯಾದ ಮೇಲೂ ಅದೇ ಹಾದಿ. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಗಿಂಪ್‌ನಲ್ಲಿ ಚಿತ್ರ ತಿದ್ದಲು ಶಾಲೆಯಲ್ಲೇ ಕಲಿತವರು. ಆ ಗಿಂಪ್‌ಗೆ ರಾ ಕಡತ ಕೊಟ್ಟರೆ ಅದು ನೆರವಿಗೆ ಕರೆಯುವುದು ಇದೇ ಡಾರ್ಕ್‌ಟೇಬಲನ್ನು, ಇಲ್ಲವೇ ರಾ ಥೆರಪಿಯನ್ನು. ಶಾಲೆಯಲ್ಲಿ ಕಲಿತ ವಿದ್ಯೆಯನ್ನು ಮನೆಗೆ ಬಂದ ಮೇಲೆ ಮರೆತು ಚಂದಾ ಕಟ್ಟುವುದು ಯಾವ ನ್ಯಾಯ?

ಭಾಷಾ ಅಲ್ಪಸಂಖ್ಯಾತರಾದ ನಮಗೆ ಇನ್ನೊಂದು ಲಾಭವೂ ಇದೆ. ಒಂದು ಅರ್ಜಿ ನಮೂನೆ ಕನ್ನಡದಲ್ಲಿ ಸಿಗಬೇಕಾದರೆ ಎಷ್ಟು ಮನವಿ ಬರೆಯಬೇಕೆಂಬುದನ್ನು ನಾವು ಬಲ್ಲೆವು. ಕಂಪೆನಿಯ ತಂತ್ರಾಂಶ ಕನ್ನಡದಲ್ಲಿ ಮಾತಾಡಬೇಕೋ ಬೇಡವೋ ಎಂಬುದು ಕಂಪೆನಿಯ ಇಷ್ಟ. ಸ್ವತಂತ್ರ ತಂತ್ರಾಂಶವನ್ನು ಕನ್ನಡಕ್ಕೆ ತರಲು ಯಾರ ಅಪ್ಪಣೆಯೂ ಬೇಕಿಲ್ಲ, ಯಾರಿಗೂ ಮನವಿ ಕೊಡಬೇಕಿಲ್ಲ. ಬಲ್ಲವರು ನಾಲ್ವರು ಕುಳಿತರೆ ಸಾಕು. ನಮ್ಮ ಕಾಲೇಜುಗಳ ಕನ್ನಡ ಸಂಘಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ?

ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೆ. ಮೊದಲ ಒಂದು ವರ್ಷ ತಂತ್ರಾಂಶಕ್ಕೆಂದು ಕಾಸು ಬಿಚ್ಚಬೇಡಿ. ಉಚಿತವಾದುದರಲ್ಲಿ ಮಗ ಕೈ ಪಳಗಿಸಲಿ, ಮಗಳು ಕೈ ಪಳಗಿಸಲಿ. ಉಳಿದ ಹಣದಲ್ಲಿ ಎರಡು ಹಾರ್ಡ್ ಡಿಸ್ಕ್ ತೆಗೆದುಕೊಟ್ಟು, ಎರಡರಲ್ಲೂ ಚಿತ್ರಗಳ ಪ್ರತಿ ಇರಿಸಿ, ಒಂದನ್ನು ಬೇರೆ ಮನೆಯಲ್ಲಿಡಲು ಹೇಳಿ. ಇಂದಿನ ಕೋಲ, ಇಂದಿನ ಆಟ, ಮಕ್ಕಳ ಸಂಖ್ಯೆ ಕುಗ್ಗುತ್ತಿರುವ ನಮ್ಮ ಕನ್ನಡ ಶಾಲೆಯ ಅಂಗಳ, ಇವೆಲ್ಲ ನಾಳೆಗೆ ಉಳಿಯುವುದು ಆ ನೆಗೆಟಿವ್‌ಗಳಲ್ಲಿ. ತೊಳೆಯುವ ಉಪಾಯ ನೂರು ಬಂದಾವು. ನೆಗೆಟಿವ್ ಕಳೆದರೆ ಮತ್ತೆ ಬಾರದು.