ಬಾಯ್ಲರ್ ಕೋಣೆಯವರಿಗೂ ಜೈ ಅನ್ನಿ

ಗೆಳೆಯರೇ, 1971ರ ಯುದ್ಧದ ಮಾತು ಬಂದರೆ ನಾವೆಲ್ಲ ವಿಕ್ರಾಂತ್ ಹಡಗಿನಿಂದ ಹಾರಿದ ವಿಮಾನಗಳನ್ನೇ ಹೊಗಳುತ್ತೇವೆ. ತಪ್ಪಲ್ಲ. ಆದರೆ ಆ ಹಡಗಿನ ಹೊಟ್ಟೆಯೊಳಗೆ ನಿಂತು ಹಬೆ ಎಬ್ಬಿಸಿದವರನ್ನು ಯಾರೂ ನೆನೆಯೋದಿಲ್ಲ. ನನ್ನ ತಕರಾರು ಇರೋದೇ ಇಲ್ಲಿ.

ವಿಕ್ರಾಂತ್ ಬ್ರಿಟಿಷರು ಅರ್ಧಕ್ಕೇ ಬಿಟ್ಟಿದ್ದ ವಿಮಾನವಾಹಕ ನೌಕೆ. ಮೊದಲ ಹೆಸರು ಹರ್ಕ್ಯುಲಿಸ್. ಭಾರತ ಅದನ್ನು 1957ರಲ್ಲಿ ಕೊಂಡು, ಕೆಲಸ ಪೂರ್ತಿ ಮಾಡಿಸಿ, 1961ರಲ್ಲಿ ನೌಕಾಪಡೆಗೆ ಸೇರಿಸಿತು. 1965ರ ಯುದ್ಧದಲ್ಲಿ ರಿಪೇರಿಗೆ ಅಂತ ನಿಂತೇ ಇತ್ತು. 1971ರಲ್ಲಿ ಇನ್ನೇನು ಯುದ್ಧ ಬಂತು ಅನ್ನುವಾಗ ನಾಲ್ಕು ಬಾಯ್ಲರುಗಳಲ್ಲಿ ಒಂದು ಬಿರುಕು ಬಿಟ್ಟಿತ್ತು!

ಇನ್ನೂ ಮೂರು ಇದ್ದವಲ್ಲ ಅಂತ ನೀವು ಕೇಳಬಹುದು. ಗಾಳಿಪಟ ಏರಿಸುವಾಗ ನಾವು ಗಾಳಿಗೆ ಎದುರಾಗಿ ಓಡ್ತೀವಿ ತಾನೆ? ವಿಮಾನ ಏಳೋದಕ್ಕೂ ಹಡಗು ಹಾಗೇ ಗಾಳಿಗೆ ಮುಖ ಮಾಡಿ ಜೋರಾಗಿ ಓಡಬೇಕು. ಕವಣೆಯಿಂದ ಕಲ್ಲು ಬೀಸಿದ ಹಾಗೆ ವಿಮಾನವನ್ನು ಮುಂದಕ್ಕೆ ಎಸೆಯುವ ಒಂದು ಯಂತ್ರವೂ ಮೇಲೆ ಇರುತ್ತದೆ. ಅದಕ್ಕೂ ಅದೇ ಹಬೆ ಬೇಕು. ಹಬೆ ಕಮ್ಮಿಯಾದರೆ ಎರಡಕ್ಕೂ ಕುತ್ತು.

ಆದರೂ ಹಡಗು ಬಂಗಾಳ ಕೊಲ್ಲಿಗೆ ಹೋಯಿತು. ಡಿಸೆಂಬರ್ 4ರಂದು ಅದರ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ಎರಗಿದವು. ಆಮೇಲೆ ಖುಲ್ನಾ, ಮೊಂಗ್ಲಾ. ಪಾಕಿಸ್ತಾನದ ಸೈನ್ಯಕ್ಕೆ ಸಮುದ್ರದ ದಾರಿ ಮುಚ್ಚಿತು. 16ರಂದು ಢಾಕಾದಲ್ಲಿ ಶರಣಾಗತಿ. ಹಡಗಿನ ನಾಯಕ ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ಅವರಿಗೆ ಮಹಾವೀರ ಚಕ್ರ ಬಂತು. ಬರಲೇಬೇಕಿತ್ತು. ಆದರೆ ಬಾಯ್ಲರಿನ ಬಿಸಿಯಲ್ಲಿ ಬೆವರು ಸುರಿಸಿದವರಲ್ಲಿ ಒಬ್ಬರ ಹೆಸರು ಹೇಳಿ ಅಂತ ತರಗತಿಯಲ್ಲಿ ಕೇಳಿದೆ. ಎಲ್ಲರೂ ಸುಮ್ಮನೆ ಕೂತರು.

ಹೋಗಿ ನೋಡಿಬರೋಣ ಅಂದರೆ ಈಗ ಆ ಹಡಗೇ ಇಲ್ಲ. 1997ರಲ್ಲಿ ಅದಕ್ಕೆ ನಿವೃತ್ತಿಯಾಯಿತು. 2012ರವರೆಗೆ ಮುಂಬಯಿಯಲ್ಲಿ ಜನ ನೋಡಲು ಇಟ್ಟಿದ್ದರು. 2014ರಲ್ಲಿ ಗುಜರಿಗೆ ಹಾಕಿ ಒಡೆದರು. ಅದರ ಲೋಹ ಬೆರೆಸಿ ಬೈಕು ಕೂಡ ಮಾಡಿದರು. ಇಟ್ಟುಕೊಳ್ಳೋದಕ್ಕೆ ಖರ್ಚು ಜಾಸ್ತಿ ಅಂತ ಸರ್ಕಾರದ ಮಾತು. 213 ಮೀಟರ್ ಉದ್ದದ ಹಡಗು ಸಾಕೋದು ಸುಲಭ ಅಲ್ಲ, ಒಪ್ಪೋಣ. ಪೂರ್ತಿ ಬೇಡ, ಬಾಯ್ಲರ್ ಕೋಣೆಯ ಒಂದು ತುಂಡನ್ನಾದರೂ ದಡದ ಮೇಲೆ ಇಡಬಹುದಿತ್ತಲ್ಲ? ನಮ್ಮ ಕಾರವಾರದ ಕಡಲತೀರದಲ್ಲಿ ಚಪಲ್ ಅನ್ನೋ ಚಿಕ್ಕ ಯುದ್ಧನೌಕೆಯನ್ನು ಹಾಗೇ ಇಟ್ಟಿದ್ದಾರೆ.

ಈ ಸಲದ ಶಾಲಾ ಪ್ರವಾಸ ಕಾರವಾರಕ್ಕೆ ಅಂತಾದರೆ, ನೀವೆಲ್ಲ ಕ್ಷಿಪಣಿ ನೋಡಿ. ನಾನಂತೂ ಎಂಜಿನ್ ಕೋಣೆ ಎಲ್ಲಿದೆ ಅಂತ ಮೊದಲು ಕೇಳ್ತೀನಿ.