ಸಂತೆಚೀಲ ಮತ್ತು ಕೊಸರು

ನಮ್ಮ ವಾಗ್ಳೆ ಎಸ್ಟೇಟಿನಲ್ಲಿ ಬೀದಿಗಳಿಗೆ ಹೆಸರಿಗಿಂತ ನಂಬರೇ ಹೆಚ್ಚು. 16 ನಂಬರಿನ ರಸ್ತೆ, 22 ನಂಬರಿನ ರಸ್ತೆ ಎಂದರೆ ರಿಕ್ಷಾದವನಿಗೂ ತಿಳಿಯುತ್ತದೆ, ಅಂಚೆಯವನಿಗೂ ತಿಳಿಯುತ್ತದೆ. 1962ರಲ್ಲಿ ಹುಟ್ಟಿದ ಮಹಾರಾಷ್ಟ್ರ ಔದ್ಯೋಗಿಕ ನಿಗಮದ ಚೊಚ್ಚಲ ಕೂಸು ಇದು. ಆಗಿನ ಕಾರಖಾನೆಗಳಲ್ಲಿ ಎಷ್ಟೋ ಮುಚ್ಚಿ, ಅವುಗಳ ಜಾಗದಲ್ಲಿ ಗಾಜಿನ ಕಟ್ಟಡಗಳು ಎದ್ದಿವೆ. ಆದರೆ ಸಂಜೆ ಕಚೇರಿ ಬಿಡುವ ಹೊತ್ತಿಗೆ ರಸ್ತೆಯ ಅಂಚಿಗೆ ಗೋಣಿತಾಟು ಹಾಸಿ ಕೂಡ್ರುವ ಕಾಯಿಪಲ್ಲೆಯವರ ಸಾಲು ಮಾತ್ರ ಹಾಗೆಯೇ ಇದೆ. ಹಳೆಯ ಠಾಣೆಯವರು ಈಗಲೂ ಜಾಂಭಳಿ ನಾಕಾದ ಪೇಟೆಯೇ ಪೇಟೆ ಎನ್ನುತ್ತಾರೆ. ಇರಬಹುದು. ತಿಂಗಳ ಕೊನೆಯ ವಾರದ ಗುಮಾಸ್ತನಿಗೆ ರಿಕ್ಷಾ ಬಾಡಿಗೆ ಉಳಿಸುವ ಪೇಟೆಯೇ ಒಳ್ಳೆಯ ಪೇಟೆ.

ಈ ಸರಕೆಲ್ಲ ಬಹುಮಟ್ಟಿಗೆ ವಾಶಿಯಿಂದ ಬರುತ್ತದೆ. ಮುಂಬಯಿಯ ಸಗಟು ಹಣ್ಣು-ತರಕಾರಿ ಪೇಟೆಯನ್ನು 1996ರಲ್ಲಿ ಅಲ್ಲಿಗೆ ಸಾಗಿಸಿದರು. ರಾತ್ರಿಯಿಡೀ ಲಾರಿಗಳು ಬರುತ್ತವೆ, ಬೆಳಗಾಗುವದರೊಳಗೆ ಚಿಲ್ಲರೆಯವರು ಟೆಂಪೋ ತುಂಬಿಕೊಂಡು ಮರಳುತ್ತಾರೆ. ಆದ್ದರಿಂದ ಬೆಳಿಗ್ಗೆ ಹೋದವನಿಗೆ ತಾಜಾ ಮಾಲು, ರಾತ್ರಿ ಒಂಬತ್ತಕ್ಕೆ ಹೋದವನಿಗೆ ಅಗ್ಗದ ಮಾಲು. ನಾವು ಆರೂವರೆಗೆ ಹೋಗುವವರು. ನಮಗೆ ಎರಡೂ ಅರ್ಧರ್ಧ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಕ್ಕೆ ನೂರು ರೂಪಾಯಿ ದಾಟಿದಾಗ ಮಾತ್ರ ಯಾವ ಹೊತ್ತಿಗೆ ಹೋದರೂ ಒಂದೇ ಆಗಿತ್ತು. ಆ ತಿಂಗಳು ನಮ್ಮ ಮನೆಯಲ್ಲಿ ಹುಣಿಸೆಹಣ್ಣಿಗೆ ಹಳೆಯ ಮರ್ಯಾದೆ ತಿರುಗಿ ಬಂತು.

ಹೊಸದಾಗಿ ಬಂದ ಕನ್ನಡಿಗರಿಗೆ ಇಲ್ಲಿ ಮೊದಲ ತೊಡಕು ದರದ್ದಲ್ಲ, ಹೆಸರಿನದು. ಧಾರವಾಡದ ಕಡೆಯವರು ಚವಳಿಕಾಯಿ ಬೇಕೆಂದು ‘ಚವಳಿ’ ಕೇಳಿದರೆ ಅಲಸಂದೆ ಕೈಗೆ ಬರುತ್ತದೆ. ಅವರಿಗೆ ಬೇಕಾದದ್ದು ಇಲ್ಲಿಯ ‘ಗವಾರ’. ನಮ್ಮ ಪುಂಡಿಪಲ್ಲೆ ಇಲ್ಲಿ ಅಂಬಾಡಿ, ಬಸಳೆ ಮಾಯಾಳು, ಕೆಸುವಿನ ಎಲೆ ಅಳೂ. ನಮ್ಮ ಅವ್ವ ಧಾರವಾಡದವಳು, ಮನೆಯಾಕೆ ಉಡುಪಿಯ ಕಡೆಯವಳು. ಹೀಗಾಗಿ ಒಂದೇ ಸೊಪ್ಪಿಗೆ ನಮ್ಮ ಮನೆಯಲ್ಲಿ ಕಡಿಮೆಯೆಂದರೆ ಮೂರು ಹೆಸರು, ಮಗಳು ಶಾಲೆಯಲ್ಲಿ ಕಲಿತು ಬಂದ ಇಂಗ್ಲಿಷ್ ಹೆಸರು ನಾಲ್ಕನೆಯದು.

ಮಳೆಗಾಲ ಹಿಡಿದೊಡನೆ ಮನೆಯಾಕೆಯ ಪಾಳಿ. ಯೇಊರಿನ ಗುಡ್ಡಗಳ ಕಡೆಯಿಂದ ಆದಿವಾಸಿ ಹೆಂಗಸರು ಬುಟ್ಟಿ ಹೊತ್ತು ಬರುತ್ತಾರೆ. ಅವರ ಟಾಕಳಾ ಎಂದರೆ ಕನ್ನಡದ ತಗಟೆಸೊಪ್ಪು, ತುಳುವಿನ ತೊಜಂಕ್. ಆಟಿ ತಿಂಗಳಲ್ಲಿ ಅದನ್ನು ತಿನ್ನದಿದ್ದರೆ ಆಕೆಗೆ ಮಳೆಗಾಲ ಬಂದಂತೆಯೇ ಅಲ್ಲ. ಅವರೇ ಮಾರುವ ಶೇವಳಾ ಎಂಬ ಕಾಡುಗಡ್ಡೆಯ ಹೂದಂಟನ್ನು ಹಾಗೆಯೇ ಬೇಯಿಸಿದರೆ ಗಂಟಲು ಕೆರೆಯುತ್ತದೆ. ಅದರ ಜೊತೆ ಕಾಕಡ ಎಂಬ ಹುಳಿಗಾಯಿ ಹಾಕಬೇಕು. ಮಾರುವ ಹೆಂಗಸು ಎರಡನ್ನೂ ಜೊತೆಗೇ ಕೊಡುತ್ತಾಳೆ, ಮಾಡುವ ರೀತಿಯನ್ನೂ ಹೇಳುತ್ತಾಳೆ. ಅದಕ್ಕೆ ಬೇರೆ ದುಡ್ಡಿಲ್ಲ.

ಹಣ್ಣಿನ ಮಾತು ಬಂದರೆ ನಮಗೆ ಸ್ವಲ್ಪ ಹೊಟ್ಟೆಯುರಿಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಗಾಡಿಗಳ ಮೇಲೆ ಎಲ್ಲವೂ ದೇವಗಡ, ಎಲ್ಲವೂ ರತ್ನಾಗಿರಿ. ಕೊಂಕಣದ ಹಾಪೂಸಿಗೆ 2018ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ದೊರೆತಿದೆ, ದೊರೆಯಲಿ. ಆದರೆ ಕರ್ನಾಟಕದ ಹಣ್ಣೂ ವಾಶಿಗೆ ಬಂದು, ಪೆಟ್ಟಿಗೆ ಬದಲಿಸಿ, ಕೊಂಕಣದ್ದಾಗಿ ಮಾರಾಟವಾಗುವದು ಎಲ್ಲರಿಗೂ ತಿಳಿದ ಗುಟ್ಟು. ಹೊಟ್ಟೆಪಾಡಿಗಾಗಿ ತನ್ನ ಊರಿನ ಹೆಸರು ಮರೆಮಾಡಿಕೊಂಡ ಆ ಹಣ್ಣನ್ನು ನೋಡಿದರೆ, ಒಮ್ಮೊಮ್ಮೆ ಗುರುತಿನವರನ್ನು ಕಂಡಂತಾಗುತ್ತದೆ.

ಈಗ ಮನೆಯೊಳಗಿನ ವಾದ. ಫೋನಿನ ಮೇಲೆ ಬೆರಳಾಡಿಸಿದರೆ ಕಾಲು ಗಂಟೆಯಲ್ಲಿ ಕಾಯಿಪಲ್ಲೆ ಬಾಗಿಲಿಗೆ ಬರುತ್ತದೆ, ಮೊಣಕಾಲು ನೋಯುವ ಅತ್ತೆಯವರನ್ನು ನೂಕುನುಗ್ಗಲಿಗೆ ಯಾಕೆ ಕರೆದೊಯ್ಯಬೇಕು, ಎಂಬುದು ಮನೆಯಾಕೆಯ ಪ್ರಶ್ನೆ. ತಾನೂ ದಿನವಿಡೀ ದುಡಿದು ಬರುವವಳ ಈ ಮಾತಿಗೆ ಉತ್ತರ ಸುಲಭವಲ್ಲ. ಉಳ್ಳಾಗಡ್ಡಿ, ಬಟಾಟೆ ಫೋನಿನಿಂದಲೇ ಬರಲೆಂದು ನಾವು ಒಪ್ಪಿದ್ದೇವೆ. ಸೊಪ್ಪಿಗೆ ಮಾತ್ರ ಅವ್ವ ಒಪ್ಪಳು. ಅದಕ್ಕೆ ಕಾರಣ ಸೊಪ್ಪಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮಲ್ಲಿಗೆ ಬಂದಳು. ಮರಾಠಿ ಬಾರದು, ಹಿಂದಿ ಬಾರದು. ಮೊದಲ ಮೂರು ತಿಂಗಳು ಕಿಟಕಿಯೇ ಆಕೆಯ ಒಡನಾಡಿ, ಊಟವೂ ಅಷ್ಟಕ್ಕಷ್ಟೆ. ಒಂದು ಸಂಜೆ ಸೊಪ್ಪಿನ ಸಾಲಿನಲ್ಲಿ ಅಂಬಾಡಿಯ ಮುಂದೆ ನಿಂತು, “ಪುಂಡಿಪಲ್ಲೆ ಅಲ್ಲೇನ ಇದು?” ಎಂದು ತನಗೆ ತಾನೇ ಅಂದುಕೊಂಡಳು. “ಹೌದ್ರೀ ಆಯೀ, ಪುಂಡಿನ! ಎಷ್ಟ ಸಿವುಡ ಕೊಡ್ಲಿ?” ಎಂದಳು ಮಾರುವಾಕೆ. ಆಕೆ ಜತ್ತದ ಕಡೆಯವಳು, ಮನೆಮಾತು ಕನ್ನಡ. ಅಂದಿನಿಂದ ವಾರಕ್ಕೆರಡು ಸಂಜೆ ಅಲ್ಲಿ ಅರ್ಧ ಗಂಟೆಯ ವ್ಯಾಪಾರ. ಅದರಲ್ಲಿ ಐದು ನಿಮಿಷ ಸೊಪ್ಪಿನದು, ಉಳಿದದ್ದು ಮೊಣಕಾಲಿನದು, ಸೊಸೆಯಂದಿರದು, ಊರಿನ ಮಳೆಯದು. ಚೌಕಾಸಿ ತಪ್ಪದು, ಕೊನೆಗೆ ಒಂದು ಹಿಡಿ ಕೊತ್ತಂಬರಿಯ ಕೊಸರೂ ತಪ್ಪದು. ಫೋನಿನ ಚೀಲದಲ್ಲಿ ಎಲ್ಲವೂ ಬರುತ್ತದೆ, ಕೊಸರು ಬರುವದಿಲ್ಲ.

ಆಷಾಢದಲ್ಲಿ ಒಂದು ದಿನ ತೆರವಿನ ಗಾಡಿ ಬಂದು ಆ ಸಾಲನ್ನೆಲ್ಲ ಎಬ್ಬಿಸಿತು. ತಕ್ಕಡಿ, ಬುಟ್ಟಿ ಸಮೇತ ಎತ್ತಿಕೊಂಡು ಹೋಯಿತು. ನಾವು ಕಾಗದ ಓದುವ ಕಸುಬಿನವರು. 2014ರ ಬೀದಿ ವ್ಯಾಪಾರಿಗಳ ಕಾಯದೆಯನ್ನು ತೆಗೆದು ನೋಡಿದೆವು. ಎಣಿಕೆ ನಡೆಸಿ ಎಲ್ಲರಿಗೂ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಕೂಡದೆಂದೂ, ಊರಿನ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಾಗದಂತೆ ವ್ಯಾಪಾರಿಗಳೇ ಇರಬೇಕೆಂದೂ ಅದರಲ್ಲಿದೆ. ನಡೆಯಲು ಜಾಗ ಕೇಳುವ ಪಾದಚಾರಿಯ ಮಾತೂ ಸುಳ್ಳಲ್ಲ. ಆದರೆ ಕಾಯದೆ ಆ ಜಗಳವನ್ನು ಬಗೆಹರಿಸಲು ಹೇಳಿದ್ದು ಸಮಿತಿಗೆ, ಗಾಡಿಗಲ್ಲ. ಸಂಬಂಧಿಸಿದ ಕಲಮುಗಳನ್ನು ಮರಾಠಿಯಲ್ಲಿ ಒಂದು ಹಾಳೆಯ ಮೇಲೆ ಬರೆದಿಟ್ಟೆವು.

ಎಂಟು ದಿನ ಆಕೆಯ ಸುಳಿವಿಲ್ಲ. ಮನೆಗೆ ಬಂದ ಪೊಟ್ಟಣದ ಪಾಲಕವನ್ನು ಅವ್ವ ತಾಟಿನ ಅಂಚಿಗೆ ಸರಿಸಿದಳು. ಒಂಬತ್ತನೆಯ ಸಂಜೆ, ನಾಲ್ಕು ಅಂಗಡಿ ಆಚೆ, ಒಂದು ಮುಚ್ಚಿದ ಕಾರಖಾನೆಯ ಗೇಟಿನ ಹತ್ತಿರ ಆಕೆ ಕಂಡಳು. ತಕ್ಕಡಿ ಇಲ್ಲ, ಸಿವುಡು ಸೊಪ್ಪು ಅಷ್ಟೇ. ನಾವು ಕೊಟ್ಟ ಹಾಳೆಯನ್ನು ಮಡಿಸಿ ಎಲೆಯಡಿಕೆಯ ಚೀಲದಲ್ಲಿ ಇಟ್ಟುಕೊಂಡಳು. ಅವ್ವ ಪುಂಡಿಯ ಎರಡು ಸಿವುಡು ಎತ್ತಿ, ಹೇಳಿದಷ್ಟು ದುಡ್ಡನ್ನು ಸುಮ್ಮನೆ ಕೈಗಿಟ್ಟಳು.

“ಯಾಕ್ರೀ ಆಯೀ, ನನ್ನ ಮ್ಯಾಲ ಸಿಟ್ಟ ಆಗೀರೇನು? ಒಂದ್ ಮಾತೂ ಕೇಳಲಿಲ್ಲ!”

ಅವ್ವ ಕೂಡಲೆ ಸೆರಗು ಸರಿಮಾಡಿಕೊಂಡು, ಅಲ್ಲಿಯೇ ಕುಳಿತು, ಎರಡು ರೂಪಾಯಿ ತಿರುಗಿ ಕೇಳಿದಳು.